ತಂತಿ ಮತ್ತು ಬೆರಳು: ಗಿಟಾರ್ ಕಲಿಯಲು ಹೊರಟವರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಕೌಸ್ಟಿಕ್ ಗಿಟಾರ್ ಕೈಗೆತ್ತಿಕೊಂಡು ಕೆಲವೇ ವಾರಗಳಾದವರು ಬರೆದವು. ಪ್ರಶ್ನೆಗಳು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಹೆಚ್ಚುಕಡಿಮೆ ಒಂದೇ: ‘ಬಹುಶಃ ಇದು ನನಗೆ ಒಲಿಯುವ ವಿದ್ಯೆಯಲ್ಲ.’ ಗಿಟಾರ್ ಕಲಿಸುವುದರ ಜೊತೆಗೆ ಅದರ ರಿಪೇರಿಯನ್ನೂ ಮಾಡುವ ನನಗೆ ಈ ಸಾಲು ಓದಿದಾಗಲೆಲ್ಲ ಸಂಕಟವಾಗುತ್ತದೆ. ಏಕೆಂದರೆ ‘ಒಲಿಯಲಿಲ್ಲ’ ಎಂದು ಮೂಲೆ ಸೇರಿದ ಗಿಟಾರುಗಳು ನನ್ನ ಮೇಜಿನ ಮೇಲೆ ಬರುತ್ತಲೇ ಇರುತ್ತವೆ. ಅಳತೆಪಟ್ಟಿ ಇಟ್ಟು ನೋಡಿದರೆ ಅವುಗಳಲ್ಲಿ ಎಷ್ಟೋ ವಾದ್ಯಗಳನ್ನು ಪಳಗಿದ ಕೈಯೂ ಸುಖವಾಗಿ ನುಡಿಸಲಾರದು. ಹೀಗಾಗಿ ಈ ಸಲದ ಉತ್ತರಗಳಲ್ಲಿ ಧೈರ್ಯ ತುಂಬುವುದಕ್ಕಿಂತ ಕಾರಣ ಹುಡುಕುವ ಕೆಲಸವೇ ಹೆಚ್ಚು.

ಪ್ರಶ್ನೆ: ನನಗೆ 54 ವರ್ಷ. ಒಂದು ತಿಂಗಳಿಂದ ಸ್ಟೀಲ್ ತಂತಿಯ ಗಿಟಾರ್ ಅಭ್ಯಾಸ ಮಾಡುತ್ತಿದ್ದೇನೆ. ಎಡಗೈಯ ಬೆರಳ ತುದಿಗಳು ಉರಿಯುತ್ತವೆ. ಎಷ್ಟು ಒತ್ತಿದರೂ ಕೆಲವು ತಂತಿಗಳು ನುಡಿಯುವುದೇ ಇಲ್ಲ. ಈ ವಯಸ್ಸಿನಲ್ಲಿ ಬೆರಳಿಗೆ ಅಷ್ಟು ಬಲ ಬರುವುದು ಸಾಧ್ಯವೇ?

ಉತ್ತರ: ವಯಸ್ಸಿನ ಮಾತು ಆಮೇಲೆ. ಮೊದಲು ಒಂದು ಸಣ್ಣ ಅಳತೆಪಟ್ಟಿ ತೆಗೆದುಕೊಳ್ಳಿ. ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್‌ಗಳು; ತಲೆಯ ಕಡೆಯಿಂದ ಎಣಿಸಿ, ಹನ್ನೆರಡನೆಯ ಫ್ರೆಟ್‌ನ ಮೇಲ್ತುದಿಗೂ ತಂತಿಯ ಕೆಳಭಾಗಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಅಳೆಯಿರಿ. ಅತಿ ದಪ್ಪದ ಆರನೆಯ ತಂತಿಯ ಕೆಳಗೆ ಸುಮಾರು 2.5 ಮಿ.ಮೀ., ಅತಿ ತೆಳುವಾದ ಒಂದನೆಯ ತಂತಿಯ ಕೆಳಗೆ 2 ಮಿ.ಮೀ. ಇದ್ದರೆ ಹೊಸಬರಿಗೆ ತೊಂದರೆಯಿಲ್ಲ. 4 ಮಿ.ಮೀ. ಇದ್ದರೆ ನೀವು ಈ ತಿಂಗಳೆಲ್ಲ ಪಟ್ಟ ನೋವಿನಲ್ಲಿ ದೊಡ್ಡ ಪಾಲು ವಾದ್ಯದ್ದು.

ಎರಡನೆಯ ಪರೀಕ್ಷೆ ಇದಕ್ಕಿಂತ ಮುಖ್ಯ, ಆದರೆ ಯಾರೂ ಮಾಡುವುದಿಲ್ಲ. ತಲೆಯ ಕಡೆ ತಂತಿಗಳು ಹಾದುಹೋಗುವ ಬಿಳಿಯ ಅಥವಾ ಕರಿಯ ಪಟ್ಟಿಯಿದೆಯಲ್ಲ, ಅದು ನಟ್. ಒಂದು ತಂತಿಯನ್ನು ಮೂರನೆಯ ಫ್ರೆಟ್‌ನ ಹತ್ತಿರ ಒತ್ತಿಹಿಡಿದು, ಮೊದಲ ಫ್ರೆಟ್‌ನ ಮೇಲೆ ಅದೇ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ತೆಳ್ಳಗಿನ ಕಾಗದ ತೂರುವಷ್ಟು ಸಂದು ಸಾಕು. ಅದಕ್ಕಿಂತ ಹೆಚ್ಚು ಎದ್ದು ಕಂಡರೆ ನಟ್‌ನ ಕಚ್ಚುಗಳು ಆಳವಾಗಿಲ್ಲ ಎಂದರ್ಥ. ಹೊಸಬರು ಕಲಿಯುವ ಕಾರ್ಡ್‌ಗಳೆಲ್ಲ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಮೊದಲ ಮೂರು ಫ್ರೆಟ್‌ಗಳಲ್ಲೇ ಇರುವುದರಿಂದ ಈ ದೋಷದ ಹೊರೆಯೂ ಅವರ ಮೇಲೆಯೇ ಬೀಳುತ್ತದೆ. ಕತ್ತಿಗೆ ಕಚ್ಚಿಸಿ ಎಲ್ಲ ತಂತಿಗಳನ್ನೂ ಒಮ್ಮೆಗೇ ಒತ್ತಿಹಿಡಿಯುವ ಕ್ಲಿಪ್, ಅಂದರೆ ಕ್ಯಾಪೊ ಇದ್ದರೆ ಮೊದಲ ಫ್ರೆಟ್‌ಗೆ ಹಾಕಿ ಅವೇ ಕಾರ್ಡ್‌ಗಳನ್ನು ಹಿಡಿದು ನೋಡಿ. ಒಮ್ಮೆಲೇ ಹಗುರವೆನಿಸಿದರೆ ತಪ್ಪಿತಸ್ಥ ನಟ್ ಎಂದು ತಿಳಿಯಿರಿ.

ಇವೆರಡನ್ನೂ ರಿಪೇರಿ ಬಲ್ಲವರ ಕೈಯಲ್ಲಿ ಸರಿಪಡಿಸಿಕೊಳ್ಳಿ; ಮನೆಯಲ್ಲಿ ಅರ ಹಿಡಿದು ಕೂರಬೇಡಿ. ಹನ್ನೆರಡನೆಯ ಫ್ರೆಟ್ ತಂತಿಯ ಸರಿಯಾದ ನಡುಭಾಗ. ಹಾಗಾಗಿ ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಬ್ರಿಜ್‌ನ (ಒಡಲಿನ ಮೇಲೆ ತಂತಿಗಳನ್ನು ಕಟ್ಟುವ ಮರದ ತುಂಡು) ಮೇಲೆ ತಂತಿಗಳನ್ನು ಹೊತ್ತಿರುವ ತೆಳು ಪಟ್ಟಿ, ಅಂದರೆ ಸ್ಯಾಡಲ್ ಅನ್ನು 2 ಮಿ.ಮೀ. ತಗ್ಗಿಸಬೇಕು. ಈ ಲೆಕ್ಕ ತಪ್ಪಿ ಹೆಚ್ಚು ಉಜ್ಜಿದರೆ ತಂತಿಗಳು ಫ್ರೆಟ್‌ಗೆ ತಾಗಿ ಗರಗರ ಎನ್ನುತ್ತವೆ, ಹೊಸ ಸ್ಯಾಡಲ್ಲೇ ಹಾಕಿಸಬೇಕಾಗುತ್ತದೆ. ತಂತಿ ಬದಲಿಸುವಾಗ ಒಂದನೆಯ ತಂತಿ 0.010 ಅಂಗುಲದ್ದಿರುವ ಕಟ್ಟನ್ನು ಕೇಳಿ. ಸಾಮಾನ್ಯವಾಗಿ ಕಟ್ಟುವ 0.012ರ ಕಟ್ಟಿನಲ್ಲಿ ಆರೂ ತಂತಿಗಳು ಸೇರಿ ಸುಮಾರು 70 ಕಿಲೋಗ್ರಾಂ ಬಲದಲ್ಲಿ ವಾದ್ಯವನ್ನು ಎಳೆಯುತ್ತಿರುತ್ತವೆ. ಆ ಬಿಗಿತವನ್ನೇ ನಿಮ್ಮ ಬೆರಳು ಬಗ್ಗಿಸಬೇಕು. ತೆಳು ತಂತಿಯ ನಾದ ಕೊಂಚ ಬಡಕಲು, ಆದರೆ ಮೊದಲ ಕೆಲವು ತಿಂಗಳು ನಾದಕ್ಕಿಂತ ಕೈ ದೊಡ್ಡದು.

ಇನ್ನು ಒತ್ತುವ ಬಗೆ. ‘ಎಷ್ಟು ಒತ್ತಿದರೂ’ ಎಂದು ಬರೆದಿದ್ದೀರಿ. ನನ್ನ ಅನುಮಾನ, ನೀವು ಬೇಕಾದ್ದಕ್ಕಿಂತ ಹೆಚ್ಚು ಒತ್ತುತ್ತಿದ್ದೀರಿ, ಆದರೆ ಬೇಕಾದಲ್ಲಿ ಒತ್ತುತ್ತಿಲ್ಲ. ಹೀಗೆ ಮಾಡಿ. ಯಾವುದಾದರೂ ತಂತಿಯ ಮೇಲೆ, ಫ್ರೆಟ್‌ನ ಹಿಂದೆ, ಅಂದರೆ ತಲೆಯ ಕಡೆ, ಅದಕ್ಕೆ ತೀರಾ ಹತ್ತಿರದಲ್ಲಿ ಬೆರಳನ್ನು ಸುಮ್ಮನೆ ಇರಿಸಿ. ಒತ್ತಬೇಡಿ. ಬಲಗೈಯಿಂದ ಆ ತಂತಿಯನ್ನು ಮೀಟುತ್ತಲೇ ಇರಿ. ಮೊದಮೊದಲು ಟಪ್ ಟಪ್ ಎಂಬ ಸತ್ತ ಸದ್ದು. ಈಗ ಬೆರಳಿನ ಭಾರವನ್ನು ಚೂರು ಚೂರೇ ಹೆಚ್ಚಿಸಿ. ಸದ್ದು ಮೊದಲು ಕರಕರ ಎನ್ನುತ್ತದೆ, ಮರುಕ್ಷಣ ಸ್ವರ ತಿಳಿಯಾಗುತ್ತದೆ. ಅಲ್ಲೇ ನಿಲ್ಲಿ. ಬೇಕಾಗಿರುವುದು ಅಷ್ಟೇ ಒತ್ತಡ. ಈಗ ಅದೇ ಒತ್ತಡದಲ್ಲಿ ಬೆರಳನ್ನು ಫ್ರೆಟ್‌ನಿಂದ ಹಿಂದಕ್ಕೆ, ಎರಡು ಫ್ರೆಟ್‌ಗಳ ನಡುವಿಗೆ ಸರಿಸಿ. ಸ್ವರ ಮತ್ತೆ ಒಡೆಯುತ್ತದೆ. ಬೆರಳಿನ ಬಲ ಬದಲಾಗಲಿಲ್ಲ, ಜಾಗ ಬದಲಾಯಿತು. ಪ್ರತಿ ದಿನ ಅಭ್ಯಾಸ ಶುರುಮಾಡುವಾಗ ಈ ಪ್ರಯೋಗವನ್ನು ಒಂದು ನಿಮಿಷ ಮಾಡಿ.

ಒಂದೇ ಸಮನೆ ಒಂದು ಗಂಟೆ ಕೂರುವ ಬದಲು ಹತ್ತು ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ ನುಡಿಸಿ. ಸ್ನಾನ ಮಾಡಿದ ಕೂಡಲೇ, ಚರ್ಮ ನೆನೆದು ಮೆತ್ತಗಿರುವಾಗ ಬೇಡ. ಕೆಲವು ವಾರಗಳಲ್ಲಿ ತುದಿಗಳು ಜಡ್ಡುಗಟ್ಟುತ್ತವೆ. ಆದರೆ ಒಂದು ಎಚ್ಚರ: ತುದಿಯ ಉರಿ ಸಹಜ, ಮಣಿಕಟ್ಟಿನ ನೋವು, ಹೆಬ್ಬೆರಳ ಬುಡದ ಸೆಳೆತ, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಇವು ಕಂಡರೆ ನುಡಿಸುವುದನ್ನು ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಬಲಕ್ಕೂ ವಯಸ್ಸಿಗೂ ಸಂಬಂಧಿಸಿದ ನಿಮ್ಮ ಪ್ರಶ್ನೆಗೆ ಇಷ್ಟು ಹೊತ್ತಿಗೆ ಉತ್ತರ ಸಿಕ್ಕಿರಬೇಕು.

ಪ್ರಶ್ನೆ: ಸಿ, ಜಿ, ಎ ಮೈನರ್, ಇ ಮೈನರ್ ಕಾರ್ಡ್‌ಗಳು ಬಿಡಿಬಿಡಿಯಾಗಿ ಚೆನ್ನಾಗಿ ಬರುತ್ತವೆ. ಹಾಡಿಗೆ ಕೂತರೆ ಮಾತ್ರ ಪ್ರತಿ ಬದಲಾವಣೆಯಲ್ಲೂ ನಿಂತುಬಿಡುತ್ತೇನೆ. ಜಿಯಿಂದ ಸಿಗೆ ಹೋಗುವುದಂತೂ ದುಃಸ್ವಪ್ನ. ಎಡಗೈ ಚುರುಕಾಗಲು ಯಾವ ಅಭ್ಯಾಸ ಮಾಡಬೇಕು?

ಉತ್ತರ: ಎಡಗೈ ಚುರುಕಾಗಬೇಕು ಎಂದು ಎಲ್ಲರೂ ಕೇಳುತ್ತಾರೆ. ನಾನು ನೋಡುವುದು ಬಲಗೈಯನ್ನು. ನಿಮ್ಮ ಎಡಗೈ ತಡವಾದಾಗ ಬಲಗೈ ಕಾದು ನಿಲ್ಲುತ್ತದೆ. ಹಾಗೆ ಕಾಯಲು ಅದಕ್ಕೆ ನೀವೇ ಕಲಿಸಿದ್ದೀರಿ: ಕಾರ್ಡ್ ಸರಿಯಾಗಿ ಕೂತ ಮೇಲೆಯೇ ಬಾರಿಸುವುದು, ಇಲ್ಲದಿದ್ದರೆ ಇಲ್ಲ. ಹೀಗೆ ಅಭ್ಯಾಸ ಮಾಡಿದಷ್ಟೂ ನಿಲ್ಲುವುದೇ ರೂಢಿಯಾಗುತ್ತದೆ.

ಮೊದಲು ಎಡಗೈಗೆ ರಜೆ ಕೊಡಿ. ಅದನ್ನು ತಂತಿಗಳ ಮೇಲೆ ಅಡ್ಡಲಾಗಿ ಹಗುರವಾಗಿ ಇಟ್ಟು, ಸ್ವರವೇ ಬರದಂತೆ ಮಾಡಿ. ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಬಲಗೈ ಮೊಣಕೈಯಿಂದ ಕೆಳಗೆ ಗಡಿಯಾರದ ಲೋಲಕದಂತೆ ಆಡಲಿ. ಒಂದು, ಎರಡು, ಮೂರು, ನಾಲ್ಕು ಎನ್ನುವಾಗ ಕೆಳಕ್ಕೆ, ಎರಡು ಎಣಿಕೆಗಳ ನಡುವೆ ಮೇಲಕ್ಕೆ. ತಂತಿಗೆ ತಾಗಲಿ ಬಿಡಲಿ, ಕೈಯ ಓಡಾಟ ನಿಲ್ಲಬಾರದು. ಯಾವ ಹಾಡಿನ ಸ್ಟ್ರಮ್ಮಿಂಗ್ ಆದರೂ ಈ ಓಡಾಟದಲ್ಲಿ ಕೆಲವು ಹೊಡೆತಗಳನ್ನು ತಾಗಿಸಿ ಕೆಲವನ್ನು ಗಾಳಿಯಲ್ಲಿ ಬಿಡುವುದರಿಂದಲೇ ಹುಟ್ಟುತ್ತದೆ. ಇದು ಕೈಗೆ ಹತ್ತಿದವರಿಗೆ ಹೊಸ ಮಟ್ಟುಗಳನ್ನು ಬಾಯಿಪಾಠ ಮಾಡುವ ಕಷ್ಟವಿರುವುದಿಲ್ಲ.

ಈಗ ಎ ಮೈನರ್ ಹಿಡಿಯಿರಿ. ತೋರುಬೆರಳು ಎರಡನೆಯ ತಂತಿಯ ಮೊದಲ ಫ್ರೆಟ್‌ನಲ್ಲಿ, ನಡುಬೆರಳು ನಾಲ್ಕನೆಯ ತಂತಿಯ ಎರಡನೆಯದರಲ್ಲಿ, ಉಂಗುರಬೆರಳು ಮೂರನೆಯ ತಂತಿಯ ಎರಡನೆಯದರಲ್ಲಿ. ಇಲ್ಲಿಂದ ಸಿಗೆ ಹೋಗಲು ಉಂಗುರಬೆರಳೊಂದನ್ನೇ ಎತ್ತಿ ಐದನೆಯ ತಂತಿಯ ಮೂರನೆಯ ಫ್ರೆಟ್‌ಗೆ ಒಯ್ದರೆ ಸಾಕು. ಉಳಿದೆರಡು ಬೆರಳು ಕದಲುವುದೇ ಬೇಡ. ಮೂರೂ ಬೆರಳನ್ನು ಕಿತ್ತು ಮತ್ತೆ ಹೊಸದಾಗಿ ಊರುತ್ತಿದ್ದರೆ ಅದನ್ನು ಇಂದೇ ಬಿಡಿ. ಹಾಗೆಯೇ ಇ ಮೇಜರ್ ಮತ್ತು ಎ ಮೈನರ್‌ಗಳ ಆಕಾರ ಒಂದೇ. ಇಡೀ ಆಕಾರ ಒಂದು ತಂತಿಯಷ್ಟು ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಎರಡು ಕಾರ್ಡ್‌ಗಳ ನಡುವೆ ಯಾವ ಬೆರಳು ಇದ್ದಲ್ಲೇ ಇರುತ್ತದೆ, ಯಾವುದು ಜಾರುತ್ತದೆ, ಯಾವುದು ಹಾರುತ್ತದೆ ಎಂದು ಕಣ್ಣಿಟ್ಟು ನೋಡಿ. ಈ ನೋಡುವಿಕೆಗೆ ಕೊಟ್ಟ ಐದು ನಿಮಿಷ ಐವತ್ತು ಸಲ ಕಣ್ಣುಮುಚ್ಚಿ ಬದಲಿಸುವುದಕ್ಕಿಂತ ಮೇಲು.

ನಿಮ್ಮ ದುಃಸ್ವಪ್ನಕ್ಕೆ ಬರೋಣ. ನೀವು ಜಿಯನ್ನು ತೋರುಬೆರಳು, ನಡುಬೆರಳು, ಉಂಗುರಬೆರಳಿನಿಂದ ಹಿಡಿಯುತ್ತಿರಬೇಕು. ಬಹಳ ಮಂದಿ ಹಾಗೆಯೇ ಶುರುಮಾಡುತ್ತಾರೆ. ಬದಲಿಗೆ ಆರನೆಯ ತಂತಿಯ ಮೂರನೆಯ ಫ್ರೆಟ್‌ಗೆ ಉಂಗುರಬೆರಳು, ಐದನೆಯ ತಂತಿಯ ಎರಡನೆಯ ಫ್ರೆಟ್‌ಗೆ ನಡುಬೆರಳು, ಒಂದನೆಯ ತಂತಿಯ ಮೂರನೆಯ ಫ್ರೆಟ್‌ಗೆ ಕಿರುಬೆರಳು ಇಡಿ. ಕಿರುಬೆರಳು ಮೊದಮೊದಲು ಮುಷ್ಕರ ಹೂಡುತ್ತದೆ, ಕೆಲವು ದಿನ ಸಹಿಸಿಕೊಳ್ಳಿ. ಇದರ ಲಾಭ ಸಿಗೆ ಹೋಗುವಾಗ ತಿಳಿಯುತ್ತದೆ: ಉಂಗುರಬೆರಳೂ ನಡುಬೆರಳೂ ಜೋಡಿಯಾಗಿ, ತಮ್ಮ ತಮ್ಮ ಫ್ರೆಟ್‌ಗಳಲ್ಲೇ, ಒಂದೊಂದು ತಂತಿ ಪಕ್ಕಕ್ಕೆ ಸರಿಯುತ್ತವೆ. ಖಾಲಿ ಕೂತಿದ್ದ ತೋರುಬೆರಳು ಎರಡನೆಯ ತಂತಿಯ ಮೇಲೆ ಇಳಿಯುತ್ತದೆ, ಕಿರುಬೆರಳು ಏಳುತ್ತದೆ. ಸಿ ಬಂತು.

ಇನ್ನೊಂದು ಮಾತನ್ನು ಪುಸ್ತಕಗಳು ಅಪರೂಪಕ್ಕೆ ಹೇಳುತ್ತವೆ. ನಾಲ್ಕನೆಯ ಎಣಿಕೆಯ ನಂತರದ ಮೇಲ್ಮುಖ ಹೊಡೆತದ ಹೊತ್ತಿಗೆ ಎಡಗೈ ಕಾರ್ಡ್ ಬಿಟ್ಟು ಹೊರಡಬಹುದು. ಆ ಒಂದು ಹೊಡೆತದಲ್ಲಿ ಬಿಡಿ ತಂತಿಗಳೇ ನುಡಿಯುತ್ತವೆ. ಕೇಳುವವರ ಕಿವಿಗೆ ಅದು ತಪ್ಪೆನಿಸುವುದಿಲ್ಲ, ಲಯದೊಳಗೆ ಕರಗಿಹೋಗುತ್ತದೆ. ನುರಿತವರೂ ಹೀಗೆ ಮಾಡುತ್ತಾರೆ. ನಿಧಾನಗತಿಯಲ್ಲಿ ಅವರ ವಿಡಿಯೊ ನೋಡಿದರೆ ಕಾಣುತ್ತದೆ. ಹೊಸಬರು ನಾಲ್ಕು ಎಣಿಕೆ ಪೂರ್ತಿಯಾಗುವವರೆಗೆ ಕಾರ್ಡ್ ಹಿಡಿದುಕೊಂಡೇ ಇದ್ದು, ಆಮೇಲೆ ಸೊನ್ನೆ ಹೊತ್ತಿನಲ್ಲಿ ಜಿಗಿಯಬೇಕೆಂದುಕೊಳ್ಳುತ್ತಾರೆ. ಅದು ಯಾರಿಂದಲೂ ಆಗದ ಕೆಲಸ. ಒಂದನೆಯ ಎಣಿಕೆಗೆ ಮೂರು ಬೆರಳಲ್ಲಿ ಎರಡೇ ತಲುಪಿದ್ದರೂ ಬಲಗೈ ಬಾರಿಸಲಿ. ಮಂಕಾದ ಒಂದು ಸ್ವರವನ್ನು ಕೇಳುಗರು ಕ್ಷಮಿಸುತ್ತಾರೆ, ತಪ್ಪಿದ ತಾಳವನ್ನು ಕ್ಷಮಿಸುವುದಿಲ್ಲ.

ಪ್ರಶ್ನೆ: ನಾನು ಗಿಡ್ಡ ಮೈಕಟ್ಟಿನವಳು. ಅಣ್ಣನ ದೊಡ್ಡ ಗಿಟಾರ್ ಹಿಡಿದು ಕೂತರೆ ಬಲಭುಜ ಕಿವಿಯ ಹತ್ತಿರ ಬರುತ್ತದೆ. ನನ್ನದೇ ಒಂದು ಕೊಳ್ಳಬೇಕೆಂದಿದ್ದೇನೆ. ನೈಲಾನ್ ತಂತಿಯದೋ ಸ್ಟೀಲ್ ತಂತಿಯದೋ? ಎಂಟು ವರ್ಷದ ಮಗಳೂ ಆಸೆಪಡುತ್ತಿದ್ದಾಳೆ.

ಉತ್ತರ: ನಿಮ್ಮ ಅಣ್ಣನದು ಡ್ರೆಡ್‌ನಾಟ್ ಆಕಾರದ ಗಿಟಾರ್ ಇರಬೇಕು. 1916ರಲ್ಲಿ ಅಮೆರಿಕದ ಮಾರ್ಟಿನ್ ಸಂಸ್ಥೆ ಮೊದಲು ತಯಾರಿಸಿದ ಈ ಆಕಾರಕ್ಕೆ ಬ್ರಿಟನ್ನಿನ ಒಂದು ಭಾರಿ ಯುದ್ಧನೌಕೆಯ ಹೆಸರನ್ನೇ ಇಟ್ಟರು. ದೊಡ್ಡ ಒಡಲು, ಗಡುಸು ನಾದ. ಇವತ್ತು ಎಲ್ಲ ಕಡೆ ಕಾಣುವುದು ಇದೇ ಆದ್ದರಿಂದ, ಗಿಟಾರ್ ಎಂದರೆ ಇಷ್ಟು ದೊಡ್ಡದೇ ಇರಬೇಕೆಂದು ಜನ ನಂಬಿದ್ದಾರೆ. ಕನ್ಸರ್ಟ್, ಪಾರ್ಲರ್ ಎಂಬ ಹೆಸರಿನ ಚಿಕ್ಕ ಒಡಲಿನವೂ ಇವೆ. ಅವನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯನ್ನು ಮೇಲಿಂದ ಇಳಿಬಿಟ್ಟು ನೋಡಿ. ಭುಜ ತನ್ನಷ್ಟಕ್ಕೆ ಕೆಳಗೆ ಉಳಿದರೆ ಅದು ನಿಮ್ಮ ಗಿಟಾರ್. ಭುಜವೆತ್ತಿ ವರ್ಷಗಟ್ಟಲೆ ನುಡಿಸಿದವರ ಕತ್ತಿನ ನೋವನ್ನು ನಾನು ನೋಡಿದ್ದೇನೆ. ಈ ವಿಷಯದಲ್ಲಿ ನಾದದ ಜೊತೆ ರಾಜಿಯಾಗಿ, ದೇಹದ ಜೊತೆ ಬೇಡ.

ನೈಲಾನ್ ತಂತಿ ಬೆರಳಿಗೆ ಮೃದು, ಆದರೆ ಆ ಗಿಟಾರಿನ ಕತ್ತು ಅಗಲ; ನಟ್‌ನ ಹತ್ತಿರ ಸಾಮಾನ್ಯವಾಗಿ 52 ಮಿ.ಮೀ. ಸ್ಟೀಲ್ ತಂತಿಯದರಲ್ಲಿ 43ರ ಆಸುಪಾಸು. ಚಿಕ್ಕ ಕೈಗೆ ಅಗಲ ಕತ್ತೂ ಒಂದು ತೊಡಕೇ. ನೀವು ಹಾಡಿಗೆ ಜೊತೆಯಾಗಿ ಸ್ಟ್ರಮ್ ಮಾಡಲು ಬಯಸುವುದಾದರೆ ಚಿಕ್ಕ ಒಡಲಿನ ಸ್ಟೀಲ್, ಬೆರಳುಗಳಿಂದ ಬಿಡಿಬಿಡಿಯಾಗಿ ಮೀಟುವ ಆಸೆಯಿದ್ದರೆ ನೈಲಾನ್. ಮಗಳಿಗೆ ಅಳತೆಗೆ ತಕ್ಕ ಅರ್ಧ ಅಥವಾ ಮುಕ್ಕಾಲು ಗಾತ್ರದ ನೈಲಾನ್ ಗಿಟಾರ್ ಕೊಡಿಸಿ. ನೈಲಾನ್‌ಗೆಂದು ಮಾಡಿದ ವಾದ್ಯಕ್ಕೆ ಯಾರು ಹೇಳಿದರೂ ಸ್ಟೀಲ್ ತಂತಿ ಕಟ್ಟಬೇಡಿ. ಅದರ ಮೇಲ್ಹಲಗೆ ಅಷ್ಟು ಎಳೆತಕ್ಕೆ ಮಾಡಿದ್ದಲ್ಲ. ಉಬ್ಬುತ್ತದೆ, ಬ್ರಿಜ್ ಕಿತ್ತು ಬರುತ್ತದೆ.

ಪ್ರಶ್ನೆ: ಮೊಬೈಲಿನ ಟ್ಯೂನರ್ ಎಲ್ಲ ತಂತಿಗೂ ಹಸಿರು ತೋರಿಸುತ್ತದೆ. ಆದರೂ ಕಾರ್ಡ್ ಹಿಡಿದರೆ ಅಪಸ್ವರ. ಮೊನ್ನೆ ಒಂದನೆಯ ತಂತಿ ಫಟ್ಟೆಂದು ಹರಿದು ಹೆದರಿಸಿತು. ಈಗ ಬಿರಡೆ ಮುಟ್ಟಲೂ ಭಯ.

ಉತ್ತರ: ಮೊದಲು ಭಯದ ವಿಷಯ. ಟ್ಯೂನರ್ ಅಕ್ಷರ ತೋರಿಸುತ್ತದೆ, ಯಾವ ಸ್ಥಾಯಿ ಎಂಬುದನ್ನು ಹಲವು ಆ್ಯಪ್‌ಗಳು ತೋರಿಸುವುದಿಲ್ಲ. ಗಿಟಾರಿನಲ್ಲಿ ಎರಡು ‘ಇ’ಗಳಿವೆ: ಆರನೆಯ ತಂತಿಯದು ಸೆಕೆಂಡಿಗೆ ಸುಮಾರು 82 ಕಂಪನ, ಒಂದನೆಯದರದು 330, ಅಂದರೆ ಎರಡು ಸ್ಥಾಯಿ ಮೇಲೆ. ತಂತಿ ಸರಿಯಾದ ಸ್ವರವನ್ನು ದಾಟಿಹೋದದ್ದು ಗೊತ್ತಾಗದೆ ಮುಂದಿನ ‘ಇ’ಗಾಗಿ ತಿರುಗಿಸುತ್ತಲೇ ಹೋದರೆ ತಂತಿ ಹರಿಯುವುದು ಖಂಡಿತ. ಇನ್ನೊಂದು ಸಾಮಾನ್ಯ ಕಾರಣ, ಒಂದು ತಂತಿಯನ್ನು ಮೀಟುತ್ತಾ ಬೇರೊಂದರ ಬಿರಡೆ ತಿರುಗಿಸುವುದು. ತಂತಿಯನ್ನು ಬಿರಡೆಯವರೆಗೆ ಬೆರಳಿನಿಂದ ಹಿಂಬಾಲಿಸಿ ಖಚಿತಪಡಿಸಿಕೊಳ್ಳಿ. ಕಾಲು ಸುತ್ತು ತಿರುಗಿಸಿದರೂ ಸ್ವರ ಏರುವುದು ಕೇಳಿಸದಿದ್ದರೆ ನಿಲ್ಲಿಸಿ. ಮುಖವನ್ನು ವಾದ್ಯದಿಂದ ಸ್ವಲ್ಪ ದೂರವಿಡಿ.

ಶ್ರುತಿಗೆ ಯಾವಾಗಲೂ ಕೆಳಗಿನಿಂದ ಏರಿ ಬನ್ನಿ. ಸ್ವರ ಹೆಚ್ಚಾಗಿದ್ದರೆ ಸರಿಯಾದ ಜಾಗಕ್ಕಿಂತ ಕೆಳಗಿಳಿಸಿ, ಮತ್ತೆ ಏರಿಸಿ. ಇಳಿಸುತ್ತಾ ಬಂದು ನಿಲ್ಲಿಸಿದರೆ ಬಿರಡೆಯ ಹಲ್ಲುಗಳಲ್ಲಿ ಸಡಿಲ ಉಳಿದು, ನಾಲ್ಕು ಹೊಡೆತಕ್ಕೆ ಶ್ರುತಿ ಜಾರುತ್ತದೆ. ಹೊಸ ತಂತಿಗಳು ಕೆಲವು ದಿನ ಹಿಗ್ಗುತ್ತಲೇ ಇರುತ್ತವೆ, ಆಗ ಪದೇ ಪದೇ ಸರಿಪಡಿಸಿಕೊಳ್ಳಬೇಕು.

ಹಸಿರು ತೋರಿಸಿದರೂ ಅಪಸ್ವರವೇಕೆ? ಟ್ಯೂನರ್ ಕೇಳಿದ್ದು ಬಿಡಿ ತಂತಿಯನ್ನು, ನೀವು ನುಡಿಸುವುದು ಒತ್ತಿದ ತಂತಿಯನ್ನು. ತಂತಿ ಎತ್ತರದಲ್ಲಿದ್ದರೆ ಅಥವಾ ನೀವು ಜೋರಾಗಿ ಹಿಂಡಿದರೆ ಅದು ಎಳೆದುಕೊಂಡು ಸ್ವರ ಏರಿಬಿಡುತ್ತದೆ. ಬೆರಳು ತಂತಿಯನ್ನು ಪಕ್ಕಕ್ಕೆ ತಳ್ಳಿದರೂ ಹಾಗೆಯೇ. ಇ ಮೈನರ್ ಹಿಡಿದು, ಒತ್ತಿದ ಎರಡು ತಂತಿಗಳನ್ನು ಒಂದೊಂದಾಗಿ ಟ್ಯೂನರ್‌ಗೆ ಕೇಳಿಸಿ. ಮುಳ್ಳು ಬಲಕ್ಕೆ ಓಡಿದರೆ ರೋಗ ಗೊತ್ತಾಯಿತು. ಮೊದಲ ಪ್ರಶ್ನೆಯ ಉತ್ತರದಲ್ಲಿರುವ ನಟ್‌ನ ಪರೀಕ್ಷೆಯನ್ನು ನೀವೂ ಮಾಡಿ.

ನಿಮ್ಮ ಕಿವಿ ಸೂಕ್ಷ್ಮವಾಗಿದ್ದರೆ ಮೂರನೆಯ ಕಾರಣವೂ ಇದೆ. ಗಿಟಾರಿನ ಫ್ರೆಟ್‌ಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುತ್ತವೆ. ಪ್ರತಿ ಫ್ರೆಟ್‌ಗೂ ಕಂಪನ ಸುಮಾರು 1.0595 ಪಟ್ಟು ಏರುತ್ತದೆ. ಈ ಹಂಚಿಕೆಯಲ್ಲಿ ಷಡ್ಜ ಪಂಚಮಗಳ ಅಂತರ ಬಹುತೇಕ ಶುದ್ಧವಾಗಿ ಸಿಗುತ್ತದೆ. ಆದರೆ ಮೇಜರ್ ಕಾರ್ಡ್‌ನ ಗಾಂಧಾರ, ಒಂದು ಫ್ರೆಟ್‌ನ ಅಂತರವನ್ನು ನೂರು ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು ಹೆಚ್ಚಾಗಿ ನಿಲ್ಲುತ್ತದೆ. ಹಾಡಿ ಪಳಗಿದವರಿಗೆ ಅದು ಚುಚ್ಚುತ್ತದೆ. ಜಿ ಕಾರ್ಡ್ ಇಂಪಾಗಲೆಂದು ಎರಡನೆಯ ತಂತಿಯನ್ನು ಕಿವಿಯಿಂದಲೇ ಇಳಿಸಿದಿರೋ, ಇ ಕಾರ್ಡ್ ಕೆಡುತ್ತದೆ. ಎಲ್ಲ ಕಾರ್ಡ್‌ಗಳೂ ಒಂದಿಷ್ಟು ಬಿಟ್ಟುಕೊಟ್ಟು ಒಟ್ಟಿಗೆ ಬಾಳುವ ವ್ಯವಸ್ಥೆ ಇದು. ಕೆಲವು ವಾರಗಳಲ್ಲಿ ಕಿವಿ ಒಪ್ಪಿಕೊಳ್ಳುತ್ತದೆ.

ಪ್ರಶ್ನೆ: ಎಫ್ ಕಾರ್ಡ್ ಬಂದಲ್ಲಿ ನನ್ನ ಕಲಿಕೆ ನಿಂತಿದೆ. ತೋರುಬೆರಳಿನಿಂದ ಆರೂ ತಂತಿ ಒತ್ತಲು ಆಗುತ್ತಿಲ್ಲ.

ಉತ್ತರ: ಆರೂ ತಂತಿಗಳನ್ನು ಒತ್ತಬೇಕೆಂದು ಯಾರು ಹೇಳಿದರು? ಆ ಕಾರ್ಡ್‌ನ ಚಿತ್ರವನ್ನು ಮತ್ತೆ ನೋಡಿ. ಐದನೆಯ ಮತ್ತು ನಾಲ್ಕನೆಯ ತಂತಿಗಳನ್ನು ಮೂರನೆಯ ಫ್ರೆಟ್‌ನಲ್ಲಿ ಬೇರೆ ಬೆರಳುಗಳು ಹಿಡಿದಿವೆ, ಮೂರನೆಯ ತಂತಿಯನ್ನು ಎರಡನೆಯ ಫ್ರೆಟ್‌ನಲ್ಲಿ ನಡುಬೆರಳು ಹಿಡಿದಿದೆ. ತೋರುಬೆರಳು ನಿಜವಾಗಿ ನುಡಿಸಬೇಕಾದದ್ದು ಆರು, ಎರಡು, ಒಂದನೆಯ ತಂತಿಗಳನ್ನು ಮಾತ್ರ. ಬೆರಳಿನ ತುದಿ ಮತ್ತು ಬುಡ ಒತ್ತಿದರೆ ಸಾಕು, ನಡುಭಾಗ ಸಡಿಲವಾಗಿರಲಿ. ಬೆರಳಿನ ಒಳಮೈ ಮೆತ್ತಗೆ, ಕೀಲುಗಳ ಗೆರೆಗಳೊಳಗೆ ತಂತಿ ಹುದುಗುತ್ತದೆ. ಹಾಗಾಗಿ ಬೆರಳನ್ನು ಹೆಬ್ಬೆರಳಿನ ಕಡೆಗೆ ಕೊಂಚ ಹೊರಳಿಸಿ, ಎಲುಬು ಗಟ್ಟಿಯಾಗಿರುವ ಪಕ್ಕವನ್ನು ತಂತಿಗೆ ಕೊಡಿ. ಹೆಬ್ಬೆರಳಿನಿಂದ ಹಿಂಡುವ ಬದಲು ಮೊಣಕೈಯನ್ನು ಇಳಿಬಿಟ್ಟು ತೋಳಿನ ಭಾರದಿಂದ ಹಿಂದಕ್ಕೆಳೆಯಿರಿ.

ಎಫ್ ಇರುವ ಮೊದಲ ಫ್ರೆಟ್ ಇಡೀ ಗಿಟಾರಿನಲ್ಲೇ ಅತಿ ಬಿಗಿಯಾದ ಜಾಗ, ನಟ್ ಪಕ್ಕದಲ್ಲೇ ಇದೆ. ಅದೇ ಆಕಾರವನ್ನು ಐದನೆಯ ಫ್ರೆಟ್‌ನಲ್ಲಿ ಹಿಡಿದರೆ ಎ ಕಾರ್ಡ್, ಕೈಗೂ ಎಷ್ಟೋ ಸಲೀಸು. ಅಲ್ಲಿ ಸ್ವಚ್ಛವಾದ ಮೇಲೆ ನಾಲ್ಕು, ಮೂರು ಎಂದು ಇಳಿಯುತ್ತಾ ಬನ್ನಿ. ಅಷ್ಟರವರೆಗೆ ಹಾಡುಗಳನ್ನು ನಿಲ್ಲಿಸಬೇಡಿ: ನಾಲ್ಕನೆಯ ತಂತಿ ಮೂರನೆಯ ಫ್ರೆಟ್, ಮೂರನೆಯದು ಎರಡರಲ್ಲಿ, ಎರಡನೆಯದು ಒಂದರಲ್ಲಿ, ಒಂದನೆಯ ತಂತಿ ಬಿಡಿ, ದಪ್ಪ ತಂತಿಗಳೆರಡನ್ನು ಬಾರಿಸಬೇಡಿ. ಇದು ಎಫ್ ಮೇಜರ್ ಸೆವೆನ್. ಬಹಳ ಹಾಡುಗಳಲ್ಲಿ ಎಫ್‌ನ ಜಾಗದಲ್ಲಿ ಚೆನ್ನಾಗಿಯೇ ಒಪ್ಪುತ್ತದೆ. ನನಗಂತೂ ಇದರ ನಾದ ಎಫ್‌ಗಿಂತ ಇಷ್ಟ.

ಪ್ರಶ್ನೆ: ಗುರುಗಳಿಲ್ಲದೆ ವಿಡಿಯೊ ನೋಡಿಕೊಂಡೇ ಕಲಿಯಬಹುದೇ?

ಉತ್ತರ: ಕಲಿಯಬಹುದು. ಒಬ್ಬರದೇ ಪಾಠಗಳನ್ನು ಮೊದಲಿನಿಂದ ಕ್ರಮವಾಗಿ ಅನುಸರಿಸಿ, ದಿನಕ್ಕೊಂದು ಕಡೆ ಅಲೆಯಬೇಡಿ. ವಿಡಿಯೊ ನಿಮಗೆ ಕಾಣುತ್ತದೆ, ನೀವು ಅದಕ್ಕೆ ಕಾಣುವುದಿಲ್ಲ. ಈ ಕೊರತೆ ತುಂಬಲು ವಾರಕ್ಕೊಮ್ಮೆ ನಿಮ್ಮ ನುಡಿಸುವಿಕೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಮರುದಿನ ನೋಡಿ. ಆ ದಿನವೇ ನೋಡಿದರೆ ಕಿವಿ ಪಕ್ಷಪಾತ ಮಾಡುತ್ತದೆ. ಶುರುವಿನಲ್ಲಿ ಒಂದೆರಡು ಸಲವಾದರೂ ಬಲ್ಲವರೊಬ್ಬರ ಎದುರು ಕೂತು ಮಣಿಕಟ್ಟು, ಭುಜ, ಕೂರುವ ಭಂಗಿ ತೋರಿಸಿಕೊಳ್ಳಿ.

ಪ್ರಶ್ನೆ: ಮಗ ಎಡಚ. ಅವನಿಗೆ ಎಡಗೈ ಗಿಟಾರ್ ಬೇಕೇ?

ಉತ್ತರ: ಅವನ ಕೈಗೆ ಕೋಲೊಂದನ್ನು ಕೊಟ್ಟು, ಗಿಟಾರ್ ನುಡಿಸಿದಂತೆ ನಟಿಸಲು ಹೇಳಿ. ಏನೂ ಸೂಚನೆ ಕೊಡಬೇಡಿ. ತಾಳ ಹಾಕಲು ಎಡಗೈಯೇ ಹೊರಟರೆ, ಪ್ರತಿ ಸಲವೂ ಹಾಗೆಯೇ ಆದರೆ, ಎಡಗೈ ಗಿಟಾರ್ ಕೊಡಿಸಿ. ಒಮ್ಮೆ ಹಾಗೆ ಒಮ್ಮೆ ಹೀಗೆ ಆದರೆ ಸಾಮಾನ್ಯ ಗಿಟಾರ್ ಸಾಕು. ಎಲ್ಲಿ ಹೋದರೂ ನುಡಿಸಲು ವಾದ್ಯ ಸಿಗುತ್ತದೆ. ಎಲಿಜಬೆತ್ ಕಾಟನ್ ಎಂಬ ಅಮೆರಿಕದ ಗಾಯಕಿ ಎಡಚರು. ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ತಲೆಕೆಳಗಾಗಿ ಹಿಡಿದು, ಬೆರಳುಗಳಿಂದ ಮಂದ್ರವನ್ನೂ ಹೆಬ್ಬೆರಳಿನಿಂದ ರಾಗವನ್ನೂ ಮೀಟುತ್ತಿದ್ದರು. ಅದು ಅವರೇ ಕಂಡುಕೊಂಡ ದಾರಿ, ಮಗನ ಮೇಲೆ ಹೊರಿಸಬೇಡಿ.

ಪ್ರಶ್ನೆ: ಅಪಘಾತದಲ್ಲಿ ನನ್ನ ಎಡಗೈಯ ಉಂಗುರಬೆರಳು, ಕಿರುಬೆರಳು ಬಗ್ಗದಂತಾಗಿವೆ. ಗಿಟಾರ್ ಆಸೆ ಹಳೆಯದು. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಜ್ಯಾಂಗೋ ರೈನ್‌ಹಾರ್ಟ್ ಹೆಸರು ಕೇಳಿದ್ದೀರಾ? 1928ರಲ್ಲಿ, ಹದಿನೆಂಟರ ಹರೆಯದಲ್ಲಿ, ವಾಸವಿದ್ದ ಬಂಡಿಗೆ ಬೆಂಕಿ ಹೊತ್ತಿಕೊಂಡು ಅವರ ಎಡಗೈಯ ಇವೇ ಎರಡು ಬೆರಳುಗಳು ಊನವಾದವು. ಆಮೇಲೆ ಅವರು ತೋರುಬೆರಳು, ನಡುಬೆರಳುಗಳಿಂದಲೇ ವೇಗದ ಸ್ವರಗಳನ್ನು ನುಡಿಸುವ ರೀತಿ ರೂಪಿಸಿಕೊಂಡು ಯುರೋಪಿನ ಜ್ಯಾಝ್ ಸಂಗೀತದ ಮೊದಲ ಸಾಲಿನಲ್ಲಿ ನಿಂತರು. ಅವರ ಪ್ರತಿಭೆಯನ್ನು ನಿಮ್ಮ ಮುಂದೆ ಮಾನದಂಡವಾಗಿ ಇಡುತ್ತಿಲ್ಲ. ಎರಡು ಬೆರಳಿಗೆ ಈ ವಾದ್ಯದಲ್ಲಿ ಎಷ್ಟು ಜಾಗವಿದೆ ಎಂದು ತೋರಿಸಲು ಹೇಳಿದೆ.

ನಿಮಗೆ ನನ್ನ ಸಲಹೆ ಬೇರೆ ಶ್ರುತಿ. ಆರನೆಯ ತಂತಿಯನ್ನು ಇಯಿಂದ ಡಿಗೆ, ಐದನೆಯದನ್ನು ಎಯಿಂದ ಜಿಗೆ, ಒಂದನೆಯದನ್ನು ಇಯಿಂದ ಡಿಗೆ ಇಳಿಸಿ. ಉಳಿದ ಮೂರು ಇದ್ದಂತೆಯೇ ಇರಲಿ. ಈಗ ಎಡಗೈಯಿಂದ ಏನೂ ಹಿಡಿಯದೆ ಬಾರಿಸಿ: ಪೂರ್ಣ ಜಿ ಮೇಜರ್ ಕಾರ್ಡ್. ತೋರುಬೆರಳನ್ನು ಐದನೆಯ ಫ್ರೆಟ್‌ನಲ್ಲಿ ಅಡ್ಡವಾಗಿಟ್ಟರೆ ಸಿ, ಏಳನೆಯದರಲ್ಲಿಟ್ಟರೆ ಡಿ. ಈ ಮೂರು ಕಾರ್ಡ್‌ಗಳಲ್ಲಿ ಅಡಗುವ ಹಾಡುಗಳು ಲೆಕ್ಕವಿಲ್ಲದಷ್ಟು. ಮೂರು ತಂತಿಗಳು ಸಡಿಲಗೊಂಡಿರುವುದರಿಂದ ಒತ್ತುವುದೂ ಹಗುರ. ಅಡ್ಡಬೆರಳು ದಣಿದರೆ ಗಾಜಿನ ಅಥವಾ ಲೋಹದ ಸ್ಲೈಡ್ ಕೊಳವೆಯನ್ನು, ಬಗ್ಗದಿರುವ ಉಂಗುರಬೆರಳಿಗೇ ತೊಡಿಸಿ ನೋಡಿ. ಸ್ಲೈಡ್ ಹಾಕಿದ ಬೆರಳು ನೇರವಾಗಿಯೇ ಇರಬೇಕು, ಬಗ್ಗುವ ಅಗತ್ಯವಿಲ್ಲ. ಸ್ಲೈಡ್‌ನಲ್ಲಿ ತಂತಿಯನ್ನು ಫ್ರೆಟ್‌ನ ಹಿಂದೆ ಅಲ್ಲ, ಅದರ ಸರಿಯಾಗಿ ಮೇಲೆ ಮುಟ್ಟಬೇಕು. ಒತ್ತಬಾರದು, ಸವರಿದರೆ ಸಾಕು. ಆ ಬೆರಳು ಸ್ಲೈಡ್‌ನ ಭಾರವನ್ನು ನೋವಿಲ್ಲದೆ ಹೊರಬಲ್ಲದೇ ಎಂದು ನಿಮ್ಮ ವೈದ್ಯರನ್ನು ಕೇಳಿ ಶುರುಮಾಡಿ. ಮೊದಲ ಹಾಡು ಯಾವುದೆಂದು ಬರೆದು ತಿಳಿಸಿ. ಅದರ ಕಾರ್ಡ್‌ಗಳನ್ನು ಈ ಶ್ರುತಿಗೆ ಹೊಂದಿಸಿ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ.